ನೆಟ್ ಬಿಚ್ಚುವ ಸರದಿ

ಹನ್ನೆರಡು ದಿನ ಆಡಿ ಹನ್ನೆರಡು ದಿನವೂ ಗೆದ್ದವಳಿಗೆ ಕಾಲು ನೆಲದ ಮೇಲೆ ನಿಲ್ಲುವುದಾದರೂ ಹೇಗೆ? ಅದೂ ಸವೆದುಹೋದ ಎಡಸೊಂಟದ ಕೀಲು ತೆಗೆಸಿ ಹೊಸದು ಕೂರಿಸಿಕೊಂಡ ಐವತ್ತೇಳರ ಹೆಂಗಸಿಗೆ! ಕೆಳಗೆ ಅರ್ಧ ತಾಸು ಮಾತಿಗೆ ನಿಂತು, ಇಂದ್ರಾಬಾಯಿ ಎರಡನೇ ಮಹಡಿಯವರೆಗೆ ಮೆಟ್ಟಿಲ ಪಕ್ಕದ ಕಠಡೆ ಮುಟ್ಟದೆ ಹತ್ತಿದಳು. ಬ್ಯಾಡ್ಮಿಂಟನ್ ರಾಕೆಟ್ಟನ್ನು ಫ್ರಿಜ್ ಮೇಲಿಟ್ಟಳು. ಆಡಿದ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದು ನೆನಪಾಯಿತು, ನೆನಪಾದದ್ದಷ್ಟೇ. ನಿಂತಲ್ಲಿಂದಲೇ ಗಂಡನಿಗೆ ಫೋನ್ ಹಚ್ಚಿದಳು.

“ಏನ್ರಿ, ಇವತ್ತ ಎಷ್ಟಕ್ಕ ಗೆದ್ವಿ ಗೊತ್ತೇನು? ಇಪ್ಪತ್ತೊಂದು ಹತ್ತೊಂಬತ್ತು. ಆ ವೈಶಾಲಿ ಕಡೀ ಹೊಡೆತ ಹೊರಗ ಹೊಡದಳು ನೋಡ್ರಿ.”

ಕಾಶಪ್ಪ ಮುಂಬೈನ ಮಸ್ಜಿದ್ ಬಂದರಿನ ಕಾಳುಕಡಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಮ್ಯಾನೇಜರ. ಲೋಕಲ್‌ ರೈಲಿನಲ್ಲಿ ನಾಲ್ಕು ಜನರ ಮೊಣಕೈ ನಡುವೆ ಸಿಕ್ಕಿಕೊಂಡೇ “ಚಲೋ ಆತ್ ಬಿಡು, ಸ್ವಲ್ಪ ಕೂಡು ಈಗ” ಎಂದ. ಅವನ ದನಿಯಲ್ಲಿ ಆಶ್ಚರ್ಯ ಒಂದಿಷ್ಟೂ ಇರಲಿಲ್ಲ. ಇಂದ್ರಾಬಾಯಿ ಅದನ್ನು ಗಮನಿಸಬೇಕಿತ್ತು. ಆದರೆ ಗೆದ್ದವರಿಗೆ ಅಂಥದ್ದೆಲ್ಲ ಎಲ್ಲಿ ಕೇಳಿಸುತ್ತದೆ!

ಅವಳಿಗೆ ಕೂರುವುದೆಂದರೆ ಹುಟ್ಟಿನಿಂದಲೇ ಆಗದು. ವಿಜಯಪುರದಲ್ಲಿ ಹೈಸ್ಕೂಲು ಓದುವಾಗ ಖೋಖೋ ಆಡಿದವಳು. ಅದರಲ್ಲಿ ಸಾಲಾಗಿ ಕೂತು ಕಾಯುವುದೇ ಅರ್ಧ ಆಟ. ಆ ಅರ್ಧದಲ್ಲೂ ಅವಳಿಗೆ ಅಂಗಾಲು ತುರಿಸುತ್ತಿತ್ತಂತೆ. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಖೋಖೋ ಆಡಲು ಅಷ್ಟೊಂದು ಜನ ಹೆಂಗಸರನ್ನು ಎಲ್ಲಿಂದ ತರುವುದು? ಎಷ್ಟೋ ವರ್ಷದ ಮೇಲೆ, ನಾಲ್ವರು ಸಿಕ್ಕರೆ ಸಾಕಾಗುವ ಬ್ಯಾಡ್ಮಿಂಟನ್ ಹಿಡಿದಳು. ಹದಿನಾರು ವರ್ಷವಾಯಿತು.

ಘಾಟ್ಕೋಪರಿನ ಆ ಹಳೇ ಹೌಸಿಂಗ್ ಸೊಸೈಟಿಯಲ್ಲಿ ಎ ವಿಂಗಿಗೂ ಬಿ ವಿಂಗಿಗೂ ನಡುವಿನ ಕಾಂಪೌಂಡೇ ಕೋರ್ಟು. ಆ ಗೋಡೆಗೊಂದು ಈ ಗೋಡೆಗೊಂದು ಕಬ್ಬಿಣದ ಕಂಬ. ನೆಟ್ಟಿನ ಹಗ್ಗವನ್ನು ಕಂಬದ ತಲೆಯ ಕೊಂಡಿಯಲ್ಲಿ ಹಾಯಿಸಿ, ಕೆಳಗೆಳೆದು, ಬುಡದಲ್ಲಿ ನೆಲದಿಂದ ಗೇಣೆತ್ತರಕ್ಕಿರುವ ಬಳೆಗೆ ಬಿಗಿದು ಗಂಟು ಹಾಕಬೇಕು. ಇಲ್ಲವಾದರೆ ನೆಟ್ ಜೋತುಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಕಟ್ಟಿದರೆ ಏಳಕ್ಕೆ ಬಿಚ್ಚಲೇಬೇಕು. ಆಮೇಲೆ ಒಳಗಿನ ಸ್ಕೂಟರು, ಕಾರುಗಳೆಲ್ಲ ಅದೇ ದಾರಿಯಲ್ಲಿ ಹೊರಬೀಳುತ್ತವೆ.

ಮೊದಮೊದಲು ನಾಲ್ವರೂ ಕೂಡಿ ನೆಟ್ ಬಿಚ್ಚುವುದು ಎಂದಾಗಿತ್ತು. ಅಂದರೆ ಯಾರೂ ಬಿಚ್ಚುತ್ತಿರಲಿಲ್ಲ, ಮಾತಿಗೆ ನಿಲ್ಲುತ್ತಿದ್ದರು. ಆಗ ಕಾನೂನು ತಂದವಳು ಇಂದ್ರಾಬಾಯಿಯೇ. ಸೋತ ಜೋಡಿ ನೆಟ್ ಬಿಚ್ಚಬೇಕು, ಒಬ್ಬೊಬ್ಬರು ಒಂದೊಂದು ಕಂಬ, ಒಬ್ಬರ ಕಂಬಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ. ಅವಳ ಜೊತೆಗಾರ್ತಿ ಜ್ಯೋತ್ಸ್ನಾಳ ಬೆನ್ನು ಒಂದು ಸಲ ಹಿಡಿದುಕೊಂಡಿತ್ತು. ಮಂಗಳೂರು ಕಡೆಯವಳು, ಗಂಡನದು ಬಾಂದ್ರಾದಲ್ಲಿ ಹೋಟೆಲು. “ಇವತ್ತೊಂದು ದಿನ ಬಿಡಿ ಮಾರಾಯ್ರೆ” ಎಂದು ಅವಳು ಕೈಮುಗಿದರೆ ಇಂದ್ರಾಬಾಯಿ, “ಆಡಾಕ ಬೆನ್ನಿತ್ತು, ಬಿಚ್ಚಾಕ ಇಲ್ಲೇನು? ಸೋತಿ, ಬಿಚ್ಚು” ಎಂದು ತನ್ನ ಕಂಬದ ಗಂಟು ತಾನು ಬಿಚ್ಚಿ ಸುಮ್ಮನೆ ನಿಂತಿದ್ದಳು. ಜ್ಯೋತ್ಸ್ನಾ ಅಯ್ಯೋ ಅಯ್ಯೋ ಎನ್ನುತ್ತಲೇ ಬಿಚ್ಚಿದ್ದಳು.

ಆ ಕಾಲದಲ್ಲಿ ಏಳು ಬಡಿಯುತ್ತಿದ್ದಂತೆ ನೆಟ್ಟಿನ ಆಚೆ ಕಾಶಪ್ಪನ ಸ್ಕೂಟರು ಬಂದು ನಿಲ್ಲುತ್ತಿತ್ತು. ಸ್ಟೇಷನ್ನಿನವರೆಗೆ ಸ್ಕೂಟರು, ಅಲ್ಲಿಂದ ಏಳೂ ಹದಿನಾಲ್ಕರ ಲೋಕಲ್. ಪೀಂ ಪೀಂ ಎಂದು ಹಾರ್ನ್ ಒತ್ತಿ, “ಏ ಇಂದ್ರಾ, ಲಗೂ ಬಿಚ್ಚು! ಲೋಕಲ್ ತಪ್ತೈತಿ!” ಎಂದು ಎರಡೂ ವಿಂಗಿಗೆ ಕೇಳುವಂತೆ ಕೂಗುತ್ತಿದ್ದ. ಅವಳು ಅಷ್ಟೇ ಜೋರಾಗಿ ಏನಾದರೂ ಅನ್ನುತ್ತಿದ್ದಳು. ಸೊಸೈಟಿಯವರಿಗೆ ಅದೇ ಏಳು ಗಂಟೆಯ ಗಡಿಯಾರ.

ಆಮೇಲೆ ಸೊಂಟ ಕೈಕೊಟ್ಟಿತು. ಮೂರು ವರ್ಷ ಎಣ್ಣೆ, ಗುಳಿಗೆ, ಬಿಸಿನೀರ ಚೀಲ ಎಂದು ತಳ್ಳಿದ್ದಾಯಿತು. ಕೊನೆಗೆ ಮೆಟ್ಟಿಲು ಇಳಿಯಲು ಪಕ್ಕಕ್ಕೆ ತಿರುಗಿ ಏಡಿಯಂತೆ ಇಳಿಯಬೇಕಾದಾಗ ಆಪರೇಷನ್ನಿಗೆ ಒಪ್ಪಿದಳು. ಆಪರೇಷನ್ ಆದ ಮೇಲಿನ ಮೂರು ತಿಂಗಳಂತೂ ಮನೆಯವರಿಗೂ ಶಿಕ್ಷೆ. ನೆಲದ ಮೇಲೆ ಕೂರುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಬಗ್ಗಿ ಏನನ್ನೂ ಎತ್ತುವಂತಿಲ್ಲ. ದಿನಾ ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಕೂತು ಮಾಡುತ್ತಿದ್ದ ಲಿಂಗಪೂಜೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಡೆಯಿತು. ವಾಕರ್ ಹಿಡಿದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಟ್ಟಳು, ಮರುವಾರ ಮೊದಲಿನಂತೆಯೇ ಇಟ್ಟಳು. ಬೆಳಿಗ್ಗೆ ಆರಕ್ಕೆ ಬಾಲ್ಕನಿಯಲ್ಲಿ ನಿಂತು ಕೆಳಗೆ ಶಟಲ್ ಬಡಿಯುವ ಸದ್ದು ಕೇಳಿ ಹೊಟ್ಟೆ ಉರಿದುಕೊಂಡಳು. ತನ್ನ ಜಾಗದಲ್ಲಿ ಯಾರ್ಯಾರನ್ನೋ ನಿಲ್ಲಿಸಿಕೊಂಡು ಆಡುತ್ತಿದ್ದರು!

ಎಂಟನೇ ತಿಂಗಳಿಗೆ ಡಾಕ್ಟರು ಎಕ್ಸ್‌ರೇ ನೋಡಿ, ಡಬಲ್ಸ್ ಆಡಬಹುದು, ಹಾರಬೇಡಿ, ತಟ್ಟನೆ ಮುನ್ನುಗ್ಗಬೇಡಿ ಎಂದರು. ಆಡಬಹುದು ಎಂಬುದನ್ನು ಮಾತ್ರ ಕೇಳಿಸಿಕೊಂಡು ಬಂದವಳು ಮೊದಲ ದಿನವೇ ಗೆದ್ದಳು. ಎರಡನೆಯ ದಿನ, ಮೂರನೆಯ ದಿನ, ಹನ್ನೆರಡನೆಯ ದಿನ. ನೆಟ್ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಏಳಕ್ಕೆ ಕಾಶಪ್ಪ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಮೇಲೆ ಹಾರ್ನ್ ಒತ್ತದೆ, ಬಾಯಿ ಬಿಡದೆ ಕಾಯುತ್ತಿದ್ದ. ಗೆಲ್ಲುವ ಹೆಂಡತಿಗೆ ಗಂಡ ಕೊಡುವ ಮರ್ಯಾದೆ ಎಂದು ಇಂದ್ರಾಬಾಯಿ ಒಳಗೊಳಗೇ ಬೀಗಿದಳು.

ಹದಿಮೂರನೆಯ ದಿನ ಇಂದ್ರಾಬಾಯಿಯ ಕಡೆಗೆ ಇಪ್ಪತ್ತು, ಆಚೆಗೆ ಹತ್ತೊಂಬತ್ತು ಆಗಿತ್ತು, ಇನ್ನೊಂದು ಬಂದರೆ ಆಟ ಮುಗಿಯುತ್ತಿತ್ತು. ಆಚೆ ಬದಿಗೆ ಎಂದಿನಂತೆ ವೈಶಾಲಿ ಮತ್ತು ಸೇವಂತಿ. ವೈಶಾಲಿ ಬೆಳಗಾವಿಯವಳು, ಬ್ಯಾಂಕಿನ ಉದ್ಯೋಗ, ನಾಲ್ವರಲ್ಲಿ ಚಿಕ್ಕವಳು. ಅವಳು ಹೊಡೆದರೆ ಶಟಲ್ಲಿನ ಗರಿ ಉದುರಬೇಕು. ಸೇವಂತಿ ಉಡುಪಿಯವಳು, ಶಾಲೆಯ ಟೀಚರು, ಬೆಳಿಗ್ಗೆ ನೆಟ್ ಕಟ್ಟುವವಳು ಅವಳೇ. ಇಂದ್ರಾಬಾಯಿ ಎತ್ತಿ ಕಳಿಸಿದ ಶಟಲ್ ಸರಿಯಾಗಿ ವೈಶಾಲಿಯ ತಲೆಯ ಮೇಲೆ ಇಳಿಯತೊಡಗಿತು. ಹೊಡೆತ ತನ್ನ ಕಡೆಗೇ ಬರುತ್ತದೆಂದು ಇಂದ್ರಾಬಾಯಿ ಕಾಲೂರಿ ಸಿದ್ಧಳಾದಳು. ಆಗ ಅವಳ ಕಣ್ಣು ಸೇವಂತಿಯ ಮೇಲೆ ಬಿತ್ತು. ಸೇವಂತಿ ಶಟಲ್ ನೋಡುತ್ತಲೇ ಇರಲಿಲ್ಲ. ರಾಕೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಗಲೇ ಕಂಬದ ಕಡೆ ಹೊರಟಿದ್ದಳು. ವೈಶಾಲಿ ಹೊಡೆದ ಶಟಲ್ ನೆಟ್ಟಿಗೆ ಬಡಿದದ್ದು ಆಮೇಲೆ.

“ನಿಂದ್ರು” ಎಂದಳು ಇಂದ್ರಾಬಾಯಿ.

ಸೇವಂತಿ ಬಗ್ಗಿದವಳು ಹಾಗೆಯೇ ನಿಂತಳು.

“ಶಟಲ್ ಇನ್ನಾ ಗಾಳ್ಯಾಗಿತ್ತು. ನೀ ಸೋಲ್ತಿ ಅಂತ ನಿನಗ ಹೆಂಗ ಗೊತ್ತಾತು?”

ಹದಿಮೂರು ದಿನದ ಕೊನೆಯ ಹೊಡೆತಗಳೆಲ್ಲ ಇಂದ್ರಾಬಾಯಿಗೆ ಒಂದೊಂದಾಗಿ ನೆನಪಾದವು. ಒಂದು ಹೊರಗೆ, ಒಂದು ನೆಟ್ಟಿಗೆ, ಒಂದು ಸರ್ವಿಸೇ ತಪ್ಪು. ಹದಿನೆಂಟರವರೆಗೆ ಹುಲಿಗಳಂತೆ ಆಡುತ್ತಿದ್ದವರು ಆಮೇಲೆ ಕೈ ಮುರಿದವರಂತೆ ಆಡಿದ್ದರು. ತನಗದು ಕಾಣಿಸಲೇ ಇಲ್ಲವೇ?

“ಅಕ್ಕಾ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ” ಎಂದು ವೈಶಾಲಿ ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಕೊನೆಗೆ ಬಾಯಿ ಬಿಟ್ಟವಳು ಜೊತೆಗಾರ್ತಿ ಜ್ಯೋತ್ಸ್ನಾ.

“ಕಾಶಪ್ಪಣ್ಣ ನಮ್ಮಲ್ಲಿಗೆ ಬಂದಿದ್ರು ಇಂದ್ರಕ್ಕ. ಅವಳು ಆಡ್ಲಿ, ಆದ್ರೆ ಆ ಗಂಟಿಗೆ ಬಗ್ಗುದು ಮಾತ್ರ ಬೇಡ ಅಂತ ಹೇಳಿದ್ರು. ಬಗ್ಗಿದ್ರೆ ಕೀಲು ಜಾರ್ತದೆ ಅಂತ ಅವರಿಗೆ ಹೆದರಿಕೆ. ನಿಮ್ಮ ಕಂಬ ನಾವು ಬಿಚ್ಚುತ್ತೇವೆ ಅಂದ್ರೆ ನೀವು ಬಿಡ್ತೀರಾ? ಎಂತ ಮಾಡುದು? ನೀವು ಸೋಲದ ಹಾಗೆ ನೋಡಿಕೊಳ್ಳುದು ಒಂದೇ ದಾರಿ ಇದ್ದದ್ದು.”

“ನೀನೂ ಕೂಡಿದ್ದಿ?”

“ನಾನು ಸರಿಯಾಗಿಯೇ ಆಡಿದ್ದು” ಎಂದಳು ಜ್ಯೋತ್ಸ್ನಾ, ತಲೆ ತಗ್ಗಿಸಿ. “ನನಗೂ ಗೆದ್ದು ಬಹಳ ದಿನ ಆಗಿತ್ತು.”

ನೆಟ್ಟಿನ ಆಚೆ ಕಾಶಪ್ಪ ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದ. ಇಂದ್ರಾಬಾಯಿ ಅವನತ್ತ ಒಂದು ನೋಟ ಬಿಸಾಡಿ ಮೇಲೆ ಹೋದಳು. ಅಂದು ಕಠಡೆ ಹಿಡಿದೇ ಹತ್ತಿದಳು.

ಸಂಜೆ ಅವನು ಚಪ್ಪಲಿ ಬಿಡುವಷ್ಟರಲ್ಲೇ ಹಿಡಿದಳು. “ನನ್ನ ಗೆಲ್ಲಸಾಕ ಮನಿ ಮನಿಗೆ ಹೋಗಿ ಬೇಡ್ಕೊಂಡ ಬಂದ್ರೇನು?”

“ಬಗ್ಗಿಸಬ್ಯಾಡ್ರಿ ಅಂತ ಹೇಳೀನಿ. ಸೋಲ್ರಿ ಅಂತ ಹೇಳಿಲ್ಲ.”

“ಎರಡೂ ಒಂದ!”

ಕಾಶಪ್ಪ ಕುರ್ಚಿಯಲ್ಲಿ ಕೂತ. “ನಿನ್ನ ಆಪರೇಷನ್ನಿಗೆ ಒಳಗ ಕರ್ಕೊಂಡ ಹೋದ ಮ್ಯಾಲೆ ನಾ ನಾಕ್ ತಾಸು ಆ ಬಾಗಲಾ ನೋಡ್ಕೋತ ಕುಂತಿದ್ನಿ, ಇಂದ್ರಾ. ಒಂದ್ ಗುಟುಕು ನೀರ್ ಇಳೀಲಿಲ್ಲ. ಇನ್ನೊಮ್ಮಿ ಅಲ್ಲಿ ಕೂಡಾಕ ನನ್ನ ಕಡಿಂದ ಆಗೂದಿಲ್ಲ” ಎಂದ.

ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಈ ಮನುಷ್ಯ ಇಷ್ಟು ಮಾತು ಒಂದೇ ಸಲಕ್ಕೆ ಆಡಿದ್ದಿಲ್ಲ. ಆದರೂ ಇಂದ್ರಾಬಾಯಿಯ ಸಿಟ್ಟು ಇಳಿಯಲಿಲ್ಲ. ಅವನ ಪ್ರೀತಿ ಅರ್ಥವಾಗುತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ಇಷ್ಟು ದಿನ ತಾನು ಆಡಿಯೇ ಇರಲಿಲ್ಲ, ಎಲ್ಲರೂ ಕೂಡಿ ತನ್ನನ್ನು ಆಡಿಸಿದ್ದರು. ಕೂಸಿನ ಕೈಗೆ ಗಿಲಕಿ ಕೊಟ್ಟ ಹಾಗೆ. ಹಾಗಾದರೆ ಈ ಹೊಸ ಸೊಂಟ ನಿಜಕ್ಕೂ ಆಟಕ್ಕೆ ಬರುತ್ತದೋ ಇಲ್ಲವೋ?

ಮೂರು ದಿನ ಆಟಕ್ಕೆ ಇಳಿಯಲಿಲ್ಲ. ಆರಕ್ಕೇ ಎಚ್ಚರವಾಗುತ್ತಿತ್ತು. ಬಾಲ್ಕನಿಯ ಬಾಗಿಲು ಹಾಕಿಕೊಂಡರೂ ಶಟಲ್ಲಿನ ಸದ್ದು ಒಳಗೆ ಬರುತ್ತಿತ್ತು. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ತಿರುಗಿದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಜ್ಯೋತ್ಸ್ನಾ ನೀರುದೋಸೆ ಕಳಿಸಿದರೆ ಡಬ್ಬಿ ತೊಳೆದು ಖಾಲಿಯಾಗಿಯೇ ವಾಪಸು ಮಾಡಿದಳು, ಇಷ್ಟು ವರ್ಷದಲ್ಲಿ ಹಾಗೆ ಮಾಡಿದ್ದೇ ಇಲ್ಲ. ಡಬ್ಬಿ ಕೊಟ್ಟು ಬಂದ ಮೇಲೆ ಜ್ಯೋತ್ಸ್ನಾಳ ಬೆನ್ನು ನೆನಪಾಯಿತು. ಅಯ್ಯೋ ಅಯ್ಯೋ ಎನ್ನುತ್ತಲೇ ಆ ಹುಡುಗಿ ಗಂಟು ಬಿಚ್ಚಿದ್ದಳಲ್ಲ, ತಾನು ಕಲ್ಲಿನ ಹಾಗೆ ನಿಂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಾನೂನು ಸಡಿಲಿಸಿದರೆ ಎಲ್ಲರಿಗೂ ಸುಖ. ಸೋತರೂ ಇಂದ್ರಕ್ಕ ಬಿಚ್ಚಬೇಕಾಗಿಲ್ಲ ಎಂದರೆ ಮುಗಿಯಿತು. ಆದರೆ ಹಾಗೆಂದ ದಿನದಿಂದ ಅವರು ಮೂವರು ಆಡುವವರು, ತಾನು ಜೊತೆಗಿರುವವಳು. ಅದು ಅವಳಿಗೆ ಬೇಡವಾಗಿತ್ತು.

ನಾಲ್ಕನೆಯ ದಿನ ಚೀಲದಲ್ಲಿ ಒಂದು ಮಾರು ಹಗ್ಗ ಹಾಕಿಕೊಂಡು ಆಪರೇಷನ್ ಮೇಲೆ ಫಿಸಿಯೋಥೆರಪಿ ಮಾಡಿಸಿದ್ದ ರೋಶನನ ಕ್ಲಿನಿಕ್ಕಿಗೆ ಹೋದಳು. ಸ್ಟೇಷನ್ ರಸ್ತೆಯಲ್ಲಿ ಅವನದು ಒಂದೇ ಕೋಣೆ. ತಂದೆ ತಾಯಿ ಮಂಗಳೂರಿನವರು, ಅವನು ಹುಟ್ಟಿ ಬೆಳೆದದ್ದು ದಹಿಸರ್‌ನಲ್ಲಿ. ಕನ್ನಡ ಬರುತ್ತದೆ, ಆದರೆ ದಾರಿಯಲ್ಲಿ ನಾಲ್ಕು ಕಡೆ ನಿಂತು ಬರುತ್ತದೆ.

ಇಂದ್ರಾಬಾಯಿ ಅವನ ಮೇಜಿನ ಕಾಲಿಗೆ ನೆಲದಿಂದ ಗೇಣೆತ್ತರದಲ್ಲಿ ಹಗ್ಗ ಬಿಗಿದು ಕಟ್ಟಲು ಹೇಳಿದಳು. “ಇದನ್ನ ಬಿಚ್ಚೂದು ಕಲಸು. ಆಗೂದಿಲ್ಲ ಅಂದ್ರ ಈಗ ಹೇಳಿಬಿಡು, ರಾಕೆಟ್ ಭಂಗಾರ್‌ವಾಲಾನ ಗುಜರಿಗೆ ಹಾಕ್ತೀನಿ.”

ರೋಶನ್ ಹಗ್ಗ ನೋಡಿದ, ಅವಳನ್ನು ನೋಡಿದ. “ಆಂಟಿ, ಬಗ್ಗೋದು ಪ್ರಾಬ್ಲಮ್ ಅಲ್ಲ. ಅದು... ಕೈಸೇ... ಹೇಗೆ ಬಗ್ಗೋದು, ಅದು ಪ್ರಾಬ್ಲಮ್. ನೀವು ಎರಡೂ ಕಾಲು ಜೋಡಿಸಿ ಸೀದಾ ಸೊಂಟದಿಂದ ಬಗ್ತೀರಿ. ನಮ್ಮ ಎಲ್ಲಾ ಆಂಟಿ ಹಾಗೇ ಬಗ್ತಾರೆ, ಕಸ ಗುಡಿಸಿ ಗುಡಿಸಿ. ಅದು ನಹೀಂ.”

ಅವನು ತಾನೇ ಮಾಡಿ ತೋರಿಸಿದ. ಒಂದು ಕೈಯಲ್ಲಿ ಗಟ್ಟಿಯಾಗಿ ಏನಾದರೂ ಹಿಡಿಯಬೇಕು. ಆಪರೇಷನ್ ಆದ ಕಾಲನ್ನು ನೆಟ್ಟಗೆ ಹಿಂದಕ್ಕೆ ಚಾಚಬೇಕು. ಒಳ್ಳೇ ಕಾಲಿನ ಮಂಡಿ ಮಡಚಿ ಮೈಯನ್ನು ಹಗೂರ ಕೆಳಗಿಳಿಸಬೇಕು. ಇಂದ್ರಾಬಾಯಿ ಮೊದಲ ಸಲ ಅರ್ಧಕ್ಕೆ ನಿಂತಳು. ಆಗ ಗೊತ್ತಾಯಿತು, ಹೆದರಿಕೆ ಕಾಶಪ್ಪನೊಬ್ಬನದೇ ಅಲ್ಲ. ಹದಿಮೂರು ದಿನವೂ ಗೆದ್ದ ಕೂಡಲೇ ಒಳಗೆಲ್ಲೋ ಒಂದು ನಿಟ್ಟುಸಿರು ಬಿಟ್ಟಿದ್ದಳಲ್ಲ, ಗೆದ್ದ ಖುಷಿಯಷ್ಟೇ ಆಗಿರಲಿಲ್ಲ ಅದು. ಇವತ್ತು ಬಗ್ಗಬೇಕಾಗಲಿಲ್ಲ ಎಂಬ ಸಮಾಧಾನವೂ ಅದರಲ್ಲಿತ್ತು. ಹಲ್ಲು ಕಚ್ಚಿ ಮತ್ತೊಮ್ಮೆ ಇಳಿದಳು.

ಅಂದಿನಿಂದ ಮನೆಯಲ್ಲಿ ಗಂಟುಗಳದೇ ಕಾರುಬಾರು. ಮಂಚದ ಕಾಲಿಗೊಂದು, ಊಟದ ಮೇಜಿಗೊಂದು, ಕಿಟಕಿಯ ಸರಳಿನ ಬುಡಕ್ಕೊಂದು. ಹಗ್ಗ ಸಾಲದೆ ಸೀರೆಯ ಒಳಗುಡುವ ಪರಕಾರದ ಲಾಡಿಗಳೂ ಬಂದವು. ಕಟ್ಟುವಾಗ ಬಗ್ಗುವುದು, ಬಿಚ್ಚುವಾಗ ಬಗ್ಗುವುದು. ಒಂದು ಸಂಜೆ ಕಾಶಪ್ಪ ಲಾಡಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ.

“ಮನೀ ಏನ್ ದನದ ಕೊಟಗಿ ಮಾಡೀಯೇನು?”

“ನೋಡ್ರಿ ಇಲ್ಲೆ” ಎಂದಳು ಇಂದ್ರಾಬಾಯಿ. ಮಂಚ ಹಿಡಿದು, ಎಡಗಾಲು ಹಿಂದಕ್ಕೆ ಚಾಚಿ, ಇಳಿದು, ಗಂಟು ಬಿಚ್ಚಿ, ಎದ್ದಳು. ಕಾಶಪ್ಪ ಅಷ್ಟು ಹೊತ್ತೂ ಉಸಿರು ಹಿಡಿದಿದ್ದ. “ನನ್ನ ಹೆದರಿಕಿ ನಾ ನೋಡ್ಕೊಂಡೀನಿ. ನಿಮ್ಮದು ನೀವು ನೋಡ್ಕೋರಿ” ಎಂದಳು. ಅವನು ಕೈಕಾಲು ತೊಳೆಯಲು ಹೋದ.

ಮುಂದಿನ ಸೋಮವಾರ ಆರಕ್ಕೆ ಐದು ನಿಮಿಷವಿರುವಾಗಲೇ ಕೆಳಗಿಳಿದಳು. ಮೂವರೂ ಬೆಪ್ಪಾಗಿ ನೋಡಿದರು. “ಇವತ್ತು ಯಾರರೆ ಬೇಕಂತ ಒಂದ್ ಪಾಯಿಂಟ್ ಬಿಟ್ರ, ನಾನು ನಿಮ್ಮ ಜೋಡಿ ಮಾತಾಡೂದು ಇದ ಕಡೀದು. ವೈಶಾಲಿ, ನಿನಗ ಹೇಳಾಕತ್ತೀನಿ. ಹೊಡಿ.” ಆಮೇಲೆ ಜ್ಯೋತ್ಸ್ನಾಳ ಕಡೆ ತಿರುಗಿ ದನಿ ತಗ್ಗಿಸಿದಳು. “ಆವತ್ತ ನಿನ್ನ ಬೆನ್ನು ಹಿಡಿದಾಗ ನಾ ಬಿಡಬೇಕಾಗಿತ್ತು ಜ್ಯೋತ್ಸ್ನಾ. ತಪ್ಪಾತು.”

“ಬಿಡಿ ಇಂದ್ರಕ್ಕ, ಈಗೆಂತಕ್ಕೆ ಅದು. ಮೊದಲು ಸರ್ವಿಸ್ ಮಾಡಿ” ಎಂದಳು ಜ್ಯೋತ್ಸ್ನಾ.

ವೈಶಾಲಿ ಹೊಡೆದಳು. ಎರಡು ವಾರ ತಡೆಹಿಡಿದದ್ದನ್ನೆಲ್ಲ ಸೇರಿಸಿ ಹೊಡೆದಳು. ಇಂದ್ರಾಬಾಯಿಯ ಎಡಬದಿಗೆ, ಕಾಲ ಹತ್ತಿರ, ನೆಟ್ಟಿನ ಮೂಲೆಗೆ. ಮೊದಲ ಆರು ಪಾಯಿಂಟು ಕಣ್ಣು ಮಿಟುಕಿಸುವುದರೊಳಗೆ ಹೋದವು. ಮುಂದಕ್ಕೆ ಓಡಬೇಕೆಂದು ತಲೆ ಹೇಳಿದರೆ ಎಡಗಾಲು ಒಂದು ಗಳಿಗೆ ಯೋಚಿಸುತ್ತಿತ್ತು, ಅಷ್ಟರಲ್ಲಿ ಶಟಲ್ ನೆಲದ ಮೇಲಿರುತ್ತಿತ್ತು. ಹಳೇ ಇಂದ್ರಾಬಾಯಿ ಇನ್ನು ಬರುವುದಿಲ್ಲ ಎಂಬುದು ಅಲ್ಲೇ ಸ್ಪಷ್ಟವಾಯಿತು. ನೋವಾಯಿತು. ಆದರೆ ಅಳುತ್ತ ನಿಲ್ಲಲು ಪುರುಸೊತ್ತು ಎಲ್ಲಿತ್ತು, ಮುಂದಿನ ಸರ್ವಿಸ್ ಬರುತ್ತಿತ್ತು.

ಏಳನೆಯ ಪಾಯಿಂಟಿಗೆ ಓಡುವುದನ್ನು ಬಿಟ್ಟು ನಿಂತಲ್ಲೇ ಮಣಿಕಟ್ಟು ತಿರುಗಿಸಿದಳು. ಶಟಲ್ ಸೇವಂತಿಯ ಹಿಂದೆ, ಗೆರೆಯ ಒಳಗೆ, ಮೆತ್ತಗೆ ಬಿತ್ತು. ಸೇವಂತಿ ನಿಜವಾಗಿ ಓಡಿದ್ದಳು, ನಿಜವಾಗಿ ಸಿಕ್ಕಿರಲಿಲ್ಲ. “ಅಯ್ಯಬ್ಬ!” ಎಂದು ಏದುಸಿರು ಬಿಟ್ಟಳು. ಹದಿಮೂರು ಗೆಲುವಿನಲ್ಲಿ ಸಿಗದಿದ್ದ ಸುಖ ಆ ಒಂದು ಪಾಯಿಂಟಿನಲ್ಲಿ ಸಿಕ್ಕಿತು. ಆಮೇಲೆ ಅಂಥವು ಇನ್ನೂ ಕೆಲವು ಬಂದವು. ಕೊನೆಯವರೆಗೂ ಇಂದ್ರಾಬಾಯಿ ಗೆಲ್ಲಲೆಂದೇ ಆಡಿದಳು. ಆಚೆಗೆ ಇಪ್ಪತ್ತು, ತಮಗೆ ಒಂಬತ್ತು ಆದಾಗಲೂ, ಇನ್ನು ಹನ್ನೊಂದು ಬಂದರೆ ಸಮಸಮ ತಾನೇ, ಎಂದುಕೊಂಡಳು. ಮರುಗಳಿಗೆಯೇ ವೈಶಾಲಿಯ ಹೊಡೆತ ಅವಳ ಬಲಗಾಲ ಪಕ್ಕದಲ್ಲಿ ನೆಲಕ್ಕೆ ಬಡಿಯಿತು.

ಸೋತಿದ್ದಳು.

ಜ್ಯೋತ್ಸ್ನಾ ಆಚೆ ಕಂಬಕ್ಕೆ ಹೋದಳು. ಇಂದ್ರಾಬಾಯಿ ರಾಕೆಟ್ಟನ್ನು ಗೋಡೆಗೆ ಒರಗಿಸಿ ತನ್ನ ಕಂಬಕ್ಕೆ ಬಂದಳು. ಎಡಗೈಯಲ್ಲಿ ಕಬ್ಬಿಣ ಹಿಡಿದಳು, ಎಡಗಾಲು ಹಿಂದಕ್ಕೆ ಚಾಚಿದಳು, ಹಗೂರ ಇಳಿದಳು. ಗಂಟು ಸೇವಂತಿ ಹಾಕಿದ್ದು. ಉಡುಪಿಯ ಕಡಲ ಬದಿಯಲ್ಲಿ ದೋಣಿ ಕಟ್ಟುವುದನ್ನು ನೋಡುತ್ತ ಬೆಳೆದವಳ ಗಂಟು ಸುಲಭಕ್ಕೆ ಬಿಡುತ್ತದೆಯೇ! ಒಂದೇ ಕೈಯಲ್ಲಿ ಎಳೆದಷ್ಟೂ ಬಿಗಿಯಾಯಿತು. ಸೇವಂತಿಯ ಕಾಲುಗಳು ಒಂದು ಹೆಜ್ಜೆ ಮುಂದೆ ಬಂದದ್ದು ಕಾಣಿಸಿತು. “ಅಲ್ಲೇ ನಿಂದ್ರು” ಎಂದಳು ತಲೆ ಎತ್ತದೆ. ಕಾಲುಗಳು ನಿಂತವು.

ಗಡಿಯಾರ ಏಳು ದಾಟಿತು. ನೆಟ್ಟಿನ ಆಚೆ ಸ್ಕೂಟರ್ ಬಂದು ನಿಂತ ಸದ್ದಾಯಿತು. ಇಂದ್ರಾಬಾಯಿಗೆ ಬೆನ್ನ ಮೇಲೆ ಅವನ ಕಣ್ಣು ಇರುವುದು ಗೊತ್ತಾಯಿತು. ಈಗ ಇಳಿದು ಬರುತ್ತಾನೆ, ನೀ ಅತ್ತ ಸರಿ, ನಾ ಬಿಚ್ಚತೀನಿ ಎನ್ನುತ್ತಾನೆ, ಎಂದು ಮೈಯೆಲ್ಲ ಬಿಗಿಹಿಡಿದು ಕಾದಳು. ಒಂದು ನಿಮಿಷವಾಯಿತು. ಎರಡಾಯಿತು. ಗಂಟಿನ ಒಂದು ಸುತ್ತು ಮಾತ್ರ ಸಡಿಲವಾಗಿತ್ತು.

ಪೀಂ! ಪೀಂ ಪೀಂ!

“ಏ ಇಂದ್ರಾ, ಲಗೂ ಬಿಚ್ಚು! ಲೋಕಲ್ ತಪ್ತೈತಿ!”

ಎರಡೂ ವಿಂಗಿನ ಬಾಲ್ಕನಿಗಳಿಂದ ತಲೆಗಳು ಹೊರಬಂದವು. ಎಷ್ಟೋ ತಿಂಗಳ ಮೇಲೆ ಸೊಸೈಟಿಗೆ ಏಳು ಗಂಟೆಯಾಗಿತ್ತು. ಇಂದ್ರಾಬಾಯಿ ಕಂಬ ಹಿಡಿದೇ ಮುಖ ತಿರುಗಿಸಿ ನೋಡಿದಳು. ಕಾಶಪ್ಪನ ಹುಬ್ಬು ಗಂಟಿಕ್ಕಿತ್ತು, ಬಾಯಿ ಸೊಟ್ಟಗಾಗಿತ್ತು, ಕೈ ಇನ್ನೂ ಹಾರ್ನಿನ ಮೇಲೇ ಇತ್ತು. ಕರುಣೆ ಹುಡುಕಿದರೂ ಸಿಗದಂಥ ಅಪ್ಪಟ ಸಿಟ್ಟು.

ಅವಳ ಕಣ್ಣು ತುಂಬಿ ಬಂತು, ಹಗ್ಗ ಮಸುಕಾಯಿತು.

“ಸೋತೀನ್ರಿ, ಬಿಚ್ಚಾಕತ್ತೀನಿ! ಎರಡ್ ನಿಮಿಷ ತಡ್ಯಾಕ ಆಗೂದಿಲ್ಲೇನು ನಿಮಗ?” ಎಂದು ಅಷ್ಟೇ ಜೋರಾಗಿ ಕೂಗಿದಳು. ಗಂಟಿನ ಇನ್ನೊಂದು ಸುತ್ತು ಬೆರಳಿಗೆ ಸಿಕ್ಕಿತು. ಎಳೆದಳು.